ರಶೀದಿ ಕೇಳುವುದು ಅವಮಾನವಲ್ಲ

ಪುಣೆ : ನಗರದ ಈಶಾನ್ಯ ಭಾಗದಲ್ಲಿ, ಲೋಹಗಾಂವ್ ವಿಮಾನ ನಿಲ್ದಾಣಕ್ಕೆ ತಾಗಿಕೊಂಡಂತೆ ಬೆಳೆದಿರುವ ವಿಮಾನ ನಗರದಲ್ಲಿ ನೆಲೆಸಿರುವ ಕನ್ನಡಿಗರು ಒಂದೇ ಬಗೆಯವರಲ್ಲ. ಖರಾಡಿ, ಕಲ್ಯಾಣಿ ನಗರದ ಐಟಿ ಕಚೇರಿಗಳಲ್ಲಿ ದುಡಿಯುವ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಯುವಕ ಯುವತಿಯರಿದ್ದಾರೆ. ಹೊಟೇಲು ಉದ್ಯಮ ನಂಬಿ ಬಂದ ಉಡುಪಿ, ದಕ್ಷಿಣ ಕನ್ನಡದವರಿದ್ದಾರೆ. ಏಳುತ್ತಿರುವ ಕಟ್ಟಡಗಳಲ್ಲಿ ಬುಟ್ಟಿ ಹೊರುವ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಶ್ರಮಿಕರಿದ್ದಾರೆ. ಇವರೆಲ್ಲರ ಜತೆಗೆ, ಮಗ ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದ ಬಳಿಕ ಸಂಜೆಯ ತನಕ ಫ್ಲ್ಯಾಟಿನಲ್ಲಿ ಒಬ್ಬರೇ ಇರುವ, ಮರಾಠಿಯೂ ಹಿಂದಿಯೂ ಅಷ್ಟಾಗಿ ಬಾರದ ಹಿರಿಯರಿದ್ದಾರೆ.

ಇಂತಹ ಕಡೆ ಯಾರಾದರೂ "ನೀವು ಕನ್ನಡದವರಾ?" ಎಂದು ಕೇಳಿದರೆ ಸಾಕು, ಹೊರನಾಡ ಕನ್ನಡಿಗನ ಮನಸ್ಸು ಅರಳುತ್ತದೆ. ಯಾವ ಊರು, ಯಾರ ಪೈಕಿ ಎಂಬ ವಿಚಾರಣೆ ಮುಗಿಯುವುದರೊಳಗೆ ಬಾಗಿಲು ತೆರೆದಿರುತ್ತದೆ, ಚಹಾ ಬಂದಿರುತ್ತದೆ. ಈ ಆತ್ಮೀಯತೆ ಹೊರನಾಡ ಬದುಕಿನ ದೊಡ್ಡ ಆಸ್ತಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೋಸಗಾರನಿಗೂ ಇದು ಗೊತ್ತು. ಬೀಗ ಒಡೆದು ಒಳಗೆ ಬರುವ ಕಳ್ಳನಿಗಿಂತ, ಭಾಷೆಯ ಕೀಲಿಕೈಯಿಂದ ಬಾಗಿಲು ತೆರೆಸಿಕೊಂಡು, ದಾನ ಧರ್ಮದ ಹೆಸರಿನಲ್ಲಿ ಹಣ ಪಡೆದು, ನಮಸ್ಕಾರ ಹೇಳಿ ಹೋಗುವವನನ್ನು ಹಿಡಿಯುವುದು ಕಷ್ಟ. ಕಾರಣ, ಹಣ ಕೊಟ್ಟವರಿಗೇ ತಾವು ಮೋಸ ಹೋದದ್ದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಗೊತ್ತಾದರೂ ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ.

ಕೊಡುವ ಕೈಯೇ ಕಟ್ಟಿದ ಸಮಾಜ

ಹಾಗೆಂದು ಇನ್ನು ಮುಂದೆ ಯಾರಿಗೂ ಏನೂ ಕೊಡುವುದು ಬೇಡ ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಹೊರನಾಡಿನಲ್ಲಿ ಕನ್ನಡ ಉಳಿದಿರುವುದೇ ಕೊಡುಗೈ ದಾನಿಗಳಿಂದ. ಮುಂಬಯಿಯಲ್ಲಿ ಹಗಲೆಲ್ಲ ಹೊಟೇಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತು ಮುಂದೆ ವಕೀಲರು, ಬ್ಯಾಂಕ್ ಅಧಿಕಾರಿಗಳು, ಉದ್ಯಮಿಗಳಾದ ಇತಿಹಾಸ ಎಲ್ಲರಿಗೂ ತಿಳಿದದ್ದೇ. ಪುಣೆಯಲ್ಲಿ ಗಣೇಶ ನಗರದ ಕನ್ನಡ ಸಂಘದ ಡಾ. ಶಾಮರಾವ್ ಕಲ್ಮಾಡಿ ಶಾಲೆಯ ಹೆಸರು ಕೇಳದ ಕನ್ನಡಿಗರು ವಿರಳ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲೂ ಇತ್ತ ಸಾಂಗ್ಲಿ, ಕೊಲ್ಹಾಪುರಗಳಲ್ಲೂ ಏಕಕಾಲಕ್ಕೆ ನೆರೆ ನುಗ್ಗಿದಾಗ, ಜನ ಕೈಯಲ್ಲಿದ್ದದ್ದನ್ನು ಕೊಟ್ಟವರೇ.

ಆದುದರಿಂದ ದಾನದ ಹೆಸರಿನ ಮೋಸವೆಂದರೆ ಒಬ್ಬ ದಾನಿಯ ಎರಡು ಸಾವಿರ ರೂಪಾಯಿಯ ನಷ್ಟ ಮಾತ್ರವಲ್ಲ. ಒಮ್ಮೆ ಮೋಸ ಹೋದವರು ಮುಂದಿನ ಸಲ ನಿಜವಾಗಿಯೂ ಕಷ್ಟದಲ್ಲಿರುವವರು ಬಂದರೂ ಮುಖ ತಿರುಗಿಸುತ್ತಾರೆ. ಆಗ ನಷ್ಟವಾಗುವುದು ಕಾಲೇಜು ಶುಲ್ಕ ಕಟ್ಟಲಾಗದ ವಿದ್ಯಾರ್ಥಿಗೆ, ಡಯಾಲಿಸಿಸ್‌ಗೆ ಹಣ ಹೊಂದಿಸಲಾಗದ ಕಾರ್ಮಿಕನಿಗೆ. ಹಣ ಕಳೆದುಕೊಂಡವರು ಮತ್ತೆ ಗಳಿಸಬಲ್ಲರು. ಸಮಾಜ ಕಳೆದುಕೊಂಡ ನಂಬಿಕೆಯನ್ನು ಗಳಿಸಲು ವರ್ಷಗಳೇ ಬೇಕು.

ಒಂದು ಅಕ್ಷರದ ಮೋಸ

ದಾನದ ಹೆಸರಿನ ವಂಚನೆಗೆ ಮೂರು ಆಯುಧಗಳು: ಕರುಣೆ, ಅವಸರ, 'ನಮ್ಮವರು' ಎಂಬ ಭಾವನೆ. ಎಲ್ಲ ಪ್ರಕರಣಗಳಲ್ಲೂ ಈ ಮೂರರಲ್ಲಿ ಎರಡಾದರೂ ಇರುತ್ತವೆ.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನ್ ಆರಂಭವಾಗಿ, ಪಿಎಂ ಕೇರ್ಸ್ ನಿಧಿ ಪ್ರಕಟವಾದ ಒಂದೆರಡು ದಿನಗಳಲ್ಲೇ ಅದನ್ನೇ ಹೋಲುವ ನಕಲಿ ಯುಪಿಐ ವಿಳಾಸ ಹುಟ್ಟಿಕೊಂಡಿತ್ತು. ಅಸಲಿ ವಿಳಾಸದಲ್ಲಿ 'ಪಿಎಂಕೇರ್ಸ್' ಎಂದಿದ್ದರೆ ನಕಲಿಯಲ್ಲಿ 'ಪಿಎಂಕೇರ್' ಎಂದಿತ್ತು. ಇದ್ದ ವ್ಯತ್ಯಾಸ ಕೊನೆಯ ಒಂದು ಅಕ್ಷರ ಮಾತ್ರ. ದೆಹಲಿ ಪೊಲೀಸರು ಎಚ್ಚರಿಸಿದ ಬಳಿಕ ಬ್ಯಾಂಕು ಆ ಖಾತೆಯನ್ನು ತಡೆಹಿಡಿಯಿತು. ದೇಶಕ್ಕೆ ದೇಶವೇ ಭಯದಲ್ಲಿದ್ದ ಹೊತ್ತಿನಲ್ಲಿ ಯಾರು ತಾನೇ ಅಕ್ಷರ ಎಣಿಸುತ್ತಾರೆ? ಮೋಸಗಾರ ನಂಬಿಕೊಂಡದ್ದೂ ಇದನ್ನೇ.

2023ರ ಡಿಸೆಂಬರ್ ಕೊನೆಯಲ್ಲಿ, ಅಯೋಧ್ಯೆಯ ಪ್ರಾಣಪ್ರತಿಷ್ಠೆಗೆ ಕೆಲವೇ ವಾರಗಳಿದ್ದಾಗ, ಮಂದಿರಕ್ಕೆ ದೇಣಿಗೆ ಎಂದು ಹೇಳಿಕೊಂಡ ಕ್ಯೂಆರ್ ಕೋಡ್ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಹೀಗೆ ಹಣ ಸಂಗ್ರಹಿಸಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದು ವಿಶ್ವ ಹಿಂದೂ ಪರಿಷತ್ ಬಹಿರಂಗವಾಗಿ ಹೇಳಬೇಕಾಯಿತು. 2024ರ ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತವಾದಾಗ, ದುರುಪಯೋಗದ ಸಾಧ್ಯತೆ ಕಂಡು ಕೇರಳ ಸರಕಾರ ಮುಖ್ಯಮಂತ್ರಿಗಳ ಪರಿಹಾರ ನಿಧಿಯ ಕ್ಯೂಆರ್ ಕೋಡ್ ವ್ಯವಸ್ಥೆಯನ್ನೇ ಹಿಂತೆಗೆದುಕೊಂಡಿತು. ಸರಕಾರವೇ ಇಷ್ಟು ಎಚ್ಚರ ವಹಿಸುವಾಗ, ಯಾರೋ ಕಳುಹಿಸಿದ ಚೌಕಾಕಾರದ ಚಿತ್ರವನ್ನು ನಂಬಿ ಹಣ ಹಾಕುವುದು ಎಷ್ಟು ಸರಿ?

ಗಾಣಗಾಪುರದ ಪಾಠ

ಪುಣೆಯ ಜನರಿಗೆ ಇನ್ನೂ ಹತ್ತಿರದ ಉದಾಹರಣೆ ಕಲಬುರಗಿ ಜಿಲ್ಲೆಯ ದೇವಲ ಗಾಣಗಾಪುರದ್ದು. ಭೀಮಾ ನದಿಯ ದಡದಲ್ಲಿರುವ ಈ ದತ್ತಕ್ಷೇತ್ರಕ್ಕೆ ಕರ್ನಾಟಕದಿಂದ ಮಾತ್ರವಲ್ಲ, ಪುಣೆ, ಸೊಲ್ಲಾಪುರ, ಮುಂಬಯಿಗಳಿಂದಲೂ ಭಕ್ತರ ಸಾಲು ಸಾಲು. ದೇವಸ್ಥಾನ ಕರ್ನಾಟಕದ ಮುಜರಾಯಿ ಇಲಾಖೆಗೆ ಸೇರಿದ್ದು. 2022ರಲ್ಲಿ ಹೊರಬಂದ ಸುದ್ದಿ ಭಕ್ತರನ್ನು ಬೆಚ್ಚಿಬೀಳಿಸಿತು. ದೇವಸ್ಥಾನದ ಹೆಸರಿನಲ್ಲಿ ಎಂಟರಷ್ಟು ನಕಲಿ ಜಾಲತಾಣಗಳನ್ನು ತೆರೆದು, ಪೂಜೆ ಸೇವೆಗಳಿಗೆಂದು ಭಕ್ತರು ಕಳುಹಿಸಿದ ಸುಮಾರು 20 ಕೋಟಿ ರೂಪಾಯಿಗಳನ್ನು ಖಾಸಗಿ ಖಾತೆಗಳಿಗೆ ತಿರುಗಿಸಿಕೊಂಡ ಆರೋಪ ಅಲ್ಲಿಯ ಕೆಲವು ಅರ್ಚಕರ ಮೇಲೆಯೇ ಬಂತು. ದೇವಸ್ಥಾನದ ಆಡಳಿತವೇ ಪೊಲೀಸರಿಗೆ ದೂರು ನೀಡಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಹಣ ಕಳುಹಿಸಿದ ಭಕ್ತರು ದುರಾಸೆಯಿಂದ ಕಳುಹಿಸಿದವರಲ್ಲ. ಹಣ ದುಪ್ಪಟ್ಟಾಗಲಿ ಎಂದು ಚೀಟಿ ವ್ಯವಹಾರಕ್ಕೆ ಬಿದ್ದವರಂತೂ ಅಲ್ಲವೇ ಅಲ್ಲ. ದೂರದ ಊರಿನಲ್ಲಿ ಕುಳಿತು, ಹೋಗಲಾಗದ ಕ್ಷೇತ್ರಕ್ಕೆ ಭಕ್ತಿಯಿಂದ ಸೇವೆ ಸಲ್ಲಿಸಿದವರು. ಊರು ದೂರವಾದಷ್ಟೂ ಊರಿನ ದೇವರ ಮೇಲೆ ಭಕ್ತಿ ಹೆಚ್ಚು, ಪರಿಶೀಲಿಸುವ ಅವಕಾಶ ಕಡಿಮೆ. ಹೊರನಾಡ ಕನ್ನಡಿಗರು ಇಂತಹ ಮೋಸಕ್ಕೆ ಸುಲಭವಾಗಿ ಸಿಕ್ಕಿಬೀಳಲು ಇದೇ ಕಾರಣ. ಊರಿನ ದೈವಸ್ಥಾನದ ಜೀರ್ಣೋದ್ಧಾರ, ಬ್ರಹ್ಮಕಲಶ, ಶಾಲೆಯ ಶತಮಾನೋತ್ಸವ, ಮಠದ ಅನ್ನದಾಸೋಹ ಎಂದು ಕರಪತ್ರ ಹಿಡಿದು ಬಂದವರೆಲ್ಲ ಮೋಸಗಾರರಲ್ಲ, ಹೆಚ್ಚಿನವರು ನಿಜವಾದ ಕಾರ್ಯಕರ್ತರೇ. ಆದರೆ ಊರಿನ ಆಡಳಿತ ಮಂಡಳಿಗೆ ಒಂದು ಫೋನ್ ಮಾಡಿದರೆ ನಿಜ ಸುಳ್ಳು ಐದು ನಿಮಿಷದಲ್ಲಿ ತಿಳಿಯುತ್ತದೆ. ಕರಪತ್ರದಲ್ಲಿ ಅಚ್ಚಾದ ನಂಬರಿಗಲ್ಲ, ತಾವೇ ಬೇರೆ ಕಡೆಯಿಂದ ಪಡೆದ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಕಾನೂನು ಏನು ಹೇಳುತ್ತದೆ

ಸಾರ್ವಜನಿಕ ದೇಣಿಗೆಯ ವಿಷಯದಲ್ಲಿ ಮಹಾರಾಷ್ಟ್ರದಲ್ಲಿ ಬಲವಾದ ಕಾನೂನಿದೆ. 1950ರಲ್ಲಿ ಬಂದ ಸಾರ್ವಜನಿಕ ನ್ಯಾಸಗಳ ಕಾಯ್ದೆಯಂತೆ ಟ್ರಸ್ಟು, ಸಂಘ ಸಂಸ್ಥೆಗಳು ಚಾರಿಟಿ ಕಮಿಷನರ್ ಎಂದೇ ಪರಿಚಿತರಾದ ಧರ್ಮಾದಾಯ ಆಯುಕ್ತರಲ್ಲಿ ನೋಂದಣಿಯಾಗಬೇಕು, ಪ್ರತಿ ವರ್ಷ ಲೆಕ್ಕ ಪರಿಶೋಧನೆ ಮಾಡಿಸಬೇಕು, ಪದಾಧಿಕಾರಿಗಳು ಬದಲಾದರೆ 90 ದಿನಗಳೊಳಗೆ ತಿಳಿಸಬೇಕು. ಪುಣೆ ವಿಭಾಗದ ಕಚೇರಿ ಧೋಲೆ ಪಾಟೀಲ್ ರಸ್ತೆಯಲ್ಲಿದೆ. ನೋಂದಣಿ ಸಂಖ್ಯೆಯ ಆರಂಭದ ಅಕ್ಷರವೂ ಅರ್ಥವಿಲ್ಲದ್ದಲ್ಲ. ಹಿಂದೂ ಧಾರ್ಮಿಕ ನ್ಯಾಸಕ್ಕೆ 'ಎ', ಸಂಘಗಳ ಕಾಯ್ದೆಯಂತೆ ನೋಂದಣಿಯಾದ ಸಂಸ್ಥೆಗಳಿಗೆ 'ಎಫ್' ಎಂದು ಇರುತ್ತದೆ.

ನೋಂದಣಿಯಿಲ್ಲದ ಮಂಡಳಿಗಳು ಗಣೇಶೋತ್ಸವ, ನವರಾತ್ರಿಗಳಿಗೆ ವರ್ಗಣಿ ಎತ್ತಬೇಕಾದರೂ ಇದೇ ಕಾಯ್ದೆಯ 41ಸಿ ಕಲಂ ಪ್ರಕಾರ ತಾತ್ಕಾಲಿಕ ಅನುಮತಿ ಪಡೆಯಬೇಕು. ಬಾಗಿಲಿಗೆ ಬಂದವರಲ್ಲಿ "ಪರವಾನಿಗೆ ತೋರಿಸಿ" ಎಂದು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಬೆದರಿಸಿ ವರ್ಗಣಿ ಕೇಳಿದರೆ ಅದು ದೇಣಿಗೆಯಲ್ಲ, ಸುಲಿಗೆ. ಅದಕ್ಕೆ 112ಕ್ಕೆ ಕರೆ ಮಾಡುವುದೇ ದಾರಿ.

ಇನ್ನೂ ಕೆಲವು ಸುಲಭದ ಗುರುತುಗಳಿವೆ. ಪಾನ್ ಸಂಖ್ಯೆಯ ನಾಲ್ಕನೇ ಅಕ್ಷರ ನೋಡಿದರೆ ಅದು ಯಾರದ್ದೆಂದು ತಿಳಿಯುತ್ತದೆ. 'ಪಿ' ಎಂದಿದ್ದರೆ ವ್ಯಕ್ತಿಯದ್ದು, 'ಟಿ' ಎಂದಿದ್ದರೆ ಟ್ರಸ್ಟಿನದ್ದು. ಟ್ರಸ್ಟಿನ ಹೆಸರು ಹೇಳಿ 'ಪಿ' ಅಕ್ಷರದ ಪಾನ್ ಕೊಟ್ಟರೆ ಅಲ್ಲಿಗೇ ನಿಲ್ಲಿಸಬಹುದು. 80ಜಿ ಎಂದೇ ಜನಬಳಕೆಯಲ್ಲಿರುವ ತೆರಿಗೆ ವಿನಾಯಿತಿ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಸಿಗುವುದಿಲ್ಲ. ಹಾಗಿರುವಾಗ "ನಗದು ಕೊಡಿ, 80ಜಿ ರಶೀದಿ ಮನೆಗೆ ಬರುತ್ತದೆ" ಎಂದು ಹತ್ತು ಸಾವಿರ ಕೇಳುವವರು ಒಂದೋ ಕಾನೂನು ತಿಳಿಯದವರು, ಇಲ್ಲವೇ ತಿಳಿದೂ ಮೋಸ ಮಾಡುವವರು. ಯುಪಿಐ ಮೂಲಕ ಹಣ ಕಳುಹಿಸುವಾಗ ಪಡೆಯುವವರ ಬ್ಯಾಂಕಿನಲ್ಲಿ ದಾಖಲಾದ ಹೆಸರನ್ನೇ ತೋರಿಸಬೇಕೆಂದು ರಾಷ್ಟ್ರೀಯ ಪಾವತಿ ನಿಗಮ 2025ರಲ್ಲಿ ಸೂಚಿಸಿದೆ. ಪಿನ್ ಒತ್ತುವ ಮುನ್ನ ಆ ಹೆಸರನ್ನು ಒಮ್ಮೆ ಓದಿದರೆ ಅರ್ಧ ಮೋಸ ತಪ್ಪುತ್ತದೆ.

ಕಾಗದವಿಲ್ಲದ ಬಡವನ ಗತಿಯೇನು?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಪರವಾನಿಗೆ, ಪಾನ್, ನೋಂದಣಿ ಎಂದು ಕೇಳುತ್ತಾ ಕುಳಿತರೆ, ಕಟ್ಟಡ ಕೆಲಸಕ್ಕೆಂದು ಬಂದ ಯಾದಗಿರಿಯ ತಾಯಿ ಜ್ವರದ ಮಗುವನ್ನು ಎತ್ತಿಕೊಂಡು ಬಂದರೆ ಏನು ತೋರಿಸಿಯಾಳು? ಆಕೆಯ ಬಳಿ ಟ್ರಸ್ಟೂ ಇಲ್ಲ, ರಶೀದಿ ಪುಸ್ತಕವೂ ಇಲ್ಲ. ಅಚ್ಚುಕಟ್ಟಾದ ಲೆಟರ್‌ಹೆಡ್, ಬಣ್ಣದ ಗುರುತಿನ ಚೀಟಿ, ಆಸ್ಪತ್ರೆಯ ಬಿಲ್ಲಿನ ಜೆರಾಕ್ಸ್ ಎಲ್ಲವೂ ಸುಲಭವಾಗಿ ಸಿಗುವುದು ಮೋಸಗಾರನಿಗೇ. ಹೀಗಾಗಿ ಬರೀ ಕಾಗದ ನೋಡಿ ಕೊಡುವ ಪದ್ಧತಿಯಿಂದ ನಿಜವಾದ ಬಡವ ಹೊರಗುಳಿದು, ನಕಲಿ ಕಾಗದದವನು ಒಳಗೆ ಬರುವ ಅಪಾಯ ಇಲ್ಲದಿಲ್ಲ.

ಈ ಪ್ರಶ್ನೆಗೆ ಉತ್ತರ ಸಂಘಗಳ ಕೈಯಲ್ಲಿದೆ. ಪರಿಶೀಲನೆಯ ಹೊರೆಯನ್ನು ಬಡವನ ತಲೆಗೆ ಹೊರಿಸದೆ, ಸಂಘವೇ ಹೊತ್ತುಕೊಳ್ಳಬೇಕು. ನೆರವು ಕೇಳಿದವರು ಇರುವ ಜಾಗಕ್ಕೆ ಕಾರ್ಯಕಾರಿ ಸಮಿತಿಯ ಇಬ್ಬರು ಹೋಗಿ ನೋಡಿ ಬರಬೇಕು. ಖರಾಡಿಯ ಕೆಲಸದ ಜಾಗಕ್ಕೆ ವಿಮಾನ ನಗರದಿಂದ ಹೋಗಿ ಬರುವುದು ಅರ್ಧ ದಿನದ ಕೆಲಸವಲ್ಲ. ಆಸ್ಪತ್ರೆಯ ಖರ್ಚಾದರೆ ಹಣವನ್ನು ಆಸ್ಪತ್ರೆಯ ಖಾತೆಗೇ ಕಟ್ಟಬೇಕು, ಕಾಲೇಜು ಶುಲ್ಕವಾದರೆ ಕಾಲೇಜಿಗೇ ಕಟ್ಟಬೇಕು, ಹಸಿವಾದರೆ ಊಟ ಕೊಡಿಸಬೇಕು. ನಿಜವಾಗಿ ಕಷ್ಟದಲ್ಲಿರುವವರು ಇದಕ್ಕೆ ಬೇಡ ಎನ್ನುವುದು ಅಪರೂಪ. ಮೋಸಗಾರ ಮಾತ್ರ "ನನ್ನ ಕೈಗೇ ಕೊಡಿ, ಈಗಲೇ ಕೊಡಿ" ಎನ್ನುತ್ತಾನೆ.

ಮಹಾರಾಷ್ಟ್ರದಲ್ಲಿ ಬಡ ರೋಗಿಗಳಿಗೆ ಇನ್ನೊಂದು ದಾರಿಯೂ ಇದೆ. ಟ್ರಸ್ಟುಗಳು ನಡೆಸುವ ಧರ್ಮಾರ್ಥ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿಯೂ, ಮತ್ತೆ ಶೇ. 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿಯೂ ಮೀಸಲಿಡಬೇಕೆಂಬ ನಿಯಮವಿದೆ. ಮರಾಠಿ ಬಾರದ ಕನ್ನಡ ಕಾರ್ಮಿಕನಿಗೆ ಈ ನಿಯಮದ ಸುದ್ದಿಯೇ ತಲುಪಿರುವುದಿಲ್ಲ. ಸಂಘದ ಒಬ್ಬರು ಜತೆಗೆ ಹೋಗಿ ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಮಾತನಾಡಿ, ಬೇಕಾದ ಆದಾಯ ದಾಖಲೆಗಳನ್ನು ಒದಗಿಸಲು ನೆರವಾದರೆ, ಅದು ಐದು ಸಾವಿರ ರೂಪಾಯಿಯ ದಾನಕ್ಕಿಂತ ದೊಡ್ಡದು.

ಮೊದಲು ಸಂಘದ ಲೆಕ್ಕ

ಈ ಎಲ್ಲ ಉಪದೇಶ ಇತರರಿಗೆ ಹೇಳುವ ಮೊದಲು ಸಂಘ ಸಂಸ್ಥೆಗಳು ತಮ್ಮ ಮನೆಯ ಅಂಗಳ ಗುಡಿಸಿಕೊಳ್ಳಬೇಕಾಗಿದೆ. ಮಾತು ಕಟುವಾದರೂ ಹೇಳದೆ ವಿಧಿಯಿಲ್ಲ. ರಾಜ್ಯೋತ್ಸವದ ಬ್ಯಾನರಿನಲ್ಲಿ ಸಂಘದ ಖಾತೆಯ ಬದಲು ಕೋಶಾಧಿಕಾರಿಯ ಸ್ವಂತ ಮೊಬೈಲಿನ ಕ್ಯೂಆರ್ ಕೋಡ್ ಹಾಕುವ ಪದ್ಧತಿ ಎಷ್ಟು ಕಡೆ ಇಲ್ಲ? ಸ್ಮರಣ ಸಂಚಿಕೆಯ ಜಾಹೀರಾತಿನ ಹಣ, ಅನ್ನಸಂತರ್ಪಣೆಯ ದೇಣಿಗೆ, ಯಕ್ಷಗಾನ ಮೇಳ ಕರೆಸಿದ ಖರ್ಚು ಇವುಗಳ ಲೆಕ್ಕ ವಾರ್ಷಿಕ ಮಹಾಸಭೆಯಲ್ಲಿ "ಎಲ್ಲ ಸರಿ ಇದೆ" ಎಂಬ ಒಂದೇ ಮಾತಿನಲ್ಲಿ, ಚಪ್ಪಾಳೆಯೊಂದಿಗೆ ಮುಗಿದುಹೋಗುವುದು ಎಷ್ಟು ಕಡೆ ಇಲ್ಲ? ಲೆಕ್ಕ ಕೇಳಿದವನನ್ನು "ಇವನೊಬ್ಬ ತಕರಾರಿನವ" ಎಂದು ಮೂಲೆಗೆ ತಳ್ಳುವುದೂ ಇದ್ದದ್ದೇ.

ಹೀಗೆ ಮಾಡುವವರೆಲ್ಲ ಹಣ ತಿನ್ನುವವರು ಎಂದು ಇದರ ಅರ್ಥವಲ್ಲ. ಬಹುಪಾಲು ಪದಾಧಿಕಾರಿಗಳು ಕೈಯಿಂದ ಖರ್ಚು ಮಾಡಿಕೊಂಡು, ರಜೆ ಹಾಕಿ, ಮನೆಯವರ ಬೈಗುಳ ತಿಂದು ದುಡಿಯುವವರು. ಅವರ ಪ್ರಾಮಾಣಿಕತೆಯ ಬಗ್ಗೆ ಅನುಮಾನವಿಲ್ಲ. ಆದರೆ ಪ್ರಾಮಾಣಿಕ ಕೋಶಾಧಿಕಾರಿ ಸ್ವಂತ ಖಾತೆಗೆ ಹಣ ಪಡೆದಾಗ, ಖಾಸಗಿ ಖಾತೆಗೆ ದೇಣಿಗೆ ಹಾಕುವುದು ಮಾಮೂಲು ಸಂಗತಿ ಎಂದು ಸದಸ್ಯರಿಗೆ ರೂಢಿಯಾಗುತ್ತದೆ. ನಾಳೆ ಮೋಸಗಾರ ಬಂದು ಅದನ್ನೇ ಕೇಳಿದಾಗ ಸದಸ್ಯರಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ರಶೀದಿ ಕೊಡದ ಸಂಘ ತಿಳಿಯದೆಯೇ ತನ್ನ ಸದಸ್ಯರಿಗೆ ಮೋಸ ಹೋಗುವ ಅಭ್ಯಾಸ ಮಾಡಿಸುತ್ತದೆ ಎಂದರೆ ತಪ್ಪಾಗಲಾರದು.

"ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು" ಎಂಬ ಮಾತನ್ನು ಈ ಸಂದರ್ಭದಲ್ಲಿ ಹಲವರು ಉದಾಹರಿಸುವುದುಂಟು. ಆ ಮಾತು ಕೊಡುವವನ ವಿನಯಕ್ಕೆ ಸಂಬಂಧಿಸಿದ್ದು, ಪಡೆಯುವವನ ಲೆಕ್ಕಕ್ಕಲ್ಲ. ದಾನಿ ತನ್ನ ಹೆಸರು ಬೇಡ ಎನ್ನಬಹುದು. ಹಣ ಪಡೆದ ಸಂಸ್ಥೆ ಲೆಕ್ಕ ಬೇಡ ಎನ್ನುವ ಹಾಗಿಲ್ಲ. ಇಲ್ಲವಾದರೆ "ಕೊಟ್ಟವನು ಕೋಡಂಗಿ, ಇಸಿದುಕೊಂಡವನು ಈರಭದ್ರ" ಎಂಬ ಗಾದೆಯೇ ನಿಜವಾದೀತು.

ಸಂಘಗಳಿಗೇ ಬೀಸುವ ಬಲೆ

ಮೋಸಗಾರರು ವ್ಯಕ್ತಿಗಳನ್ನು ಮಾತ್ರವಲ್ಲ, ಸಂಘ ಸಂಸ್ಥೆಗಳನ್ನೂ ಗುರಿ ಮಾಡುತ್ತಾರೆ. "ದೊಡ್ಡ ಕಂಪೆನಿಯ ಸಿಎಸ್‌ಆರ್ ಹಣ 50 ಲಕ್ಷ ಕೊಡಿಸುತ್ತೇವೆ, ಮೊದಲು ಕಾಗದಪತ್ರದ ಖರ್ಚಿಗೆ ಎರಡು ಲಕ್ಷ ಕೊಡಿ" ಎನ್ನುವ ಮಧ್ಯವರ್ತಿಗಳಿದ್ದಾರೆ. 2013ರ ಕಂಪೆನಿ ಕಾಯ್ದೆಯಂತೆ ನಿಗದಿತ ಮಟ್ಟದ ಕಂಪೆನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವಿನಿಯೋಗಿಸಬೇಕಾಗಿರುವುದು ನಿಜ. ಆ ಹಣ ಪಡೆಯುವ ಸಂಸ್ಥೆ ಸರಕಾರದಲ್ಲಿ ನೋಂದಣಿಯಾಗಿರಬೇಕೆಂಬ ನಿಯಮ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದರೆ ದಾನ ಪಡೆಯಲು ಮುಂಗಡ ಕಮಿಷನ್ ಕೊಡಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಕೇರಳದಲ್ಲಿ 2025ರ ಆರಂಭದಲ್ಲಿ ಬಯಲಾದ ಪ್ರಕರಣ ಇದಕ್ಕೆ ಜ್ವಲಂತ ನಿದರ್ಶನ. ಸಿಎಸ್‌ಆರ್ ನೆರವಿನಿಂದ ಮಹಿಳೆಯರಿಗೆ ಅರ್ಧ ಬೆಲೆಗೆ ಸ್ಕೂಟರ್, ಲ್ಯಾಪ್‌ಟಾಪ್, ಹೊಲಿಗೆ ಯಂತ್ರ ಎಂದು ನಂಬಿಸಿ, ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳ ಮೂಲಕವೇ ಸಾವಿರಾರು ಮಂದಿಯಿಂದ ಹಣ ಪಡೆಯಲಾಗಿತ್ತು. ಮೊದಲ ಕೆಲವರಿಗೆ ವಾಹನ ಸಿಕ್ಕಿತು, ಉಳಿದವರು ಕಾದರು. ಜನ ನಂಬಿದ್ದು ತಮ್ಮ ಊರಿನ ಪರಿಚಿತ ಸಂಸ್ಥೆಯನ್ನು. ಬೀದಿಗೆ ಬಂದದ್ದು ಆ ಸಂಸ್ಥೆಗಳ ಮಾನ.

ಇನ್ನೆರಡು ಬಲೆಗಳ ಬಗ್ಗೆಯೂ ಪದಾಧಿಕಾರಿಗಳು ಎಚ್ಚರ ವಹಿಸಬೇಕು. ಒಂದು, "ಐದು ಸಾವಿರ ದೇಣಿಗೆ ಕೊಡಲು ಹೋಗಿ ತಪ್ಪಿ ಐವತ್ತು ಸಾವಿರ ಹಾಕಿದೆ, ಉಳಿದದ್ದನ್ನು ಹಿಂದಿರುಗಿಸಿ" ಎಂಬ ಗೋಳಿನ ಕರೆ. ಬ್ಯಾಂಕಿನದ್ದೆಂದು ಬಂದ ಸಂದೇಶ ನಕಲಿಯಾಗಿರುತ್ತದೆ, ಖಾತೆಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ. ಸಂದೇಶ ನೋಡದೆ ಖಾತೆಯ ಲೆಕ್ಕ ನೋಡಬೇಕು. ಎರಡು, "ನಮ್ಮ ಹಣ ನಿಮ್ಮ ಸಂಘದ ಖಾತೆಗೆ ಬರಲಿ, ಶೇ. 10 ನೀವು ಇಟ್ಟುಕೊಂಡು ಉಳಿದದ್ದನ್ನು ಹೇಳಿದ ಕಡೆ ಕಳುಹಿಸಿ" ಎಂಬ ಪ್ರಲೋಭನೆ. ಅದು ಬೇರೆಲ್ಲೋ ಮೋಸ ಹೋದವರ ಹಣವಾಗಿದ್ದರೆ ಪೊಲೀಸರು ಮೊದಲು ಬರುವುದು ಸಂಘದ ಕಚೇರಿಗೇ. ಖಾತೆ ಸ್ಥಗಿತವಾದರೆ ಶಾಲೆಯ ಶಿಕ್ಷಕರ ಸಂಬಳವೂ ನಿಲ್ಲುತ್ತದೆ.

ಕಾವಲು ಪೊಲೀಸರೊಬ್ಬರದ್ದೇ ಅಲ್ಲ

ಅಪರಾಧ ತಡೆಯಲು ಸಮಾಜ ಮತ್ತು ಪೊಲೀಸರು ಜತೆಗೂಡುವುದು ಹೊಸ ಕಲ್ಪನೆಯೇನೂ ಅಲ್ಲ. 1984ರಲ್ಲಿ ಗಲಭೆಯಿಂದ ಬೆಂದಿದ್ದ ಭಿವಂಡಿಯಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಅವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿ, ಎರಡೂ ಕಡೆಯ ಜನ ಪೊಲೀಸರೊಂದಿಗೆ ನಿಯಮಿತವಾಗಿ ಕುಳಿತು ಮಾತನಾಡುವಂತೆ ಮಾಡಿದರು. 1992-93ರಲ್ಲಿ ಮುಂಬಯಿ ಹೊತ್ತಿ ಉರಿದಾಗ ಹತ್ತಿರದ ಭಿವಂಡಿ ಶಾಂತವಾಗಿತ್ತು. ಕೇರಳದಲ್ಲಿ 2008ರಲ್ಲಿ ಜನಮೈತ್ರಿ ಯೋಜನೆ ಬಂತು. ಕರ್ನಾಟಕದಲ್ಲಿ 2025ರ ಜುಲೈಯಲ್ಲಿ 'ಮನೆ ಮನೆಗೆ ಪೊಲೀಸ್' ಆರಂಭವಾಯಿತು. ಇಂಗ್ಲೆಂಡಿನ ಮಾಲಿಂಗ್ಟನ್ ಎಂಬ ಪುಟ್ಟ ಹಳ್ಳಿಯಲ್ಲಿ 1982ರಲ್ಲಿ ಶುರುವಾದ ನೆರೆಹೊರೆಯ ಕಾವಲು ಪದ್ಧತಿ ಆ ದೇಶದಾದ್ಯಂತ ಹರಡಿತು. ಎಲ್ಲ ಕಡೆಯೂ ತತ್ವ ಒಂದೇ: ಪಕ್ಕದ ಮನೆಯವರ ಪರಿಚಯವಿದ್ದಲ್ಲಿ ಅಪರಿಚಿತನ ಆಟ ನಡೆಯುವುದಿಲ್ಲ.

ವಿಮಾನ ನಗರಕ್ಕೆ ವಿಮಾನತಳ ಪೊಲೀಸ್ ಠಾಣೆ ಇದೆ. ಸಂಘದ ಒಂದು ನಿಯೋಗ ಅಲ್ಲಿಗೆ ಹೋಗಿ ಠಾಣಾಧಿಕಾರಿಯನ್ನು ಭೇಟಿ ಮಾಡಿ, ಕನ್ನಡ ಮಾತ್ರ ಬಲ್ಲ ಹಿರಿಯರಿಗೆ ತೊಂದರೆಯಾದರೆ ಭಾಷಾಂತರಕ್ಕೆ ಬರಬಲ್ಲ ನಾಲ್ಕು ಮಂದಿಯ ಹೆಸರು ಕೊಟ್ಟು ಬಂದರೆ ಅದೇ ದೊಡ್ಡ ಸೇವೆ. ಮುಂದಿನ ಅರಸಿನ ಕುಂಕುಮ ಕಾರ್ಯಕ್ರಮಕ್ಕೋ ಹಿರಿಯ ನಾಗರಿಕರ ಕೂಟಕ್ಕೋ ಸೈಬರ್ ಪೊಲೀಸರನ್ನು ಕರೆಸಿ ಅರ್ಧ ಗಂಟೆ ಮಾತನಾಡಿಸಿದರೆ, ಕನ್ನಡದಲ್ಲಿ ವಿವರಿಸಲು ಒಬ್ಬರು ಪಕ್ಕದಲ್ಲಿ ನಿಂತರೆ, ಸನ್ಮಾನದ ಶಾಲಿಗಿಂತ ಹೆಚ್ಚು ಪ್ರಯೋಜನವಾದೀತು. ಮಧ್ಯಾಹ್ನದ ಹೊತ್ತು ಒಂಟಿಯಾಗಿರುವ ಹಿರಿಯರು ಬಾಗಿಲ ಸರಪಳಿ ತೆಗೆಯದೆಯೇ "ಸಂಘದವರಲ್ಲಿ ಕೇಳಿ ಹೇಳುತ್ತೇನೆ, ನಾಳೆ ಬನ್ನಿ" ಎಂದು ಹೇಳಲು ಕಲಿತರೆ ಸಾಕು. ನಿಜವಾದವರು ನಾಳೆ ಬರುತ್ತಾರೆ.

ಮೋಸ ಹೋದವರ ಬಾಯಿ ಕಟ್ಟದಿರಲಿ

ಎಷ್ಟು ಎಚ್ಚರ ವಹಿಸಿದರೂ ಮೋಸ ಆಗುವುದುಂಟು. ಆದಾಗ ಮಾಡಬೇಕಾದ ಮೊದಲ ಕೆಲಸ 1930ಕ್ಕೆ ಕರೆ. ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಜಿಗಿಯುವ ಮೊದಲೇ ತಡೆಹಿಡಿಯಲು ಕೇಂದ್ರ ಗೃಹ ಸಚಿವಾಲಯ 2021ರಲ್ಲಿ ಈ ವ್ಯವಸ್ಥೆ ಆರಂಭಿಸಿತು. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ತಡ ಮಾಡಿದಷ್ಟೂ ಹಣ ಸಿಗುವ ಸಾಧ್ಯತೆ ಕಡಿಮೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 420ರ ಜಾಗಕ್ಕೆ 318ನೇ ಕಲಂ ಬಂದಿದೆ. ಮೋಸ ಎಲ್ಲಿಯೇ ನಡೆದಿದ್ದರೂ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. "ನಮ್ಮ ವ್ಯಾಪ್ತಿಯಲ್ಲ" ಎಂದು ಹಿಂದಕ್ಕೆ ಕಳುಹಿಸುವಂತಿಲ್ಲ.

ಆದರೆ ದೂರು ಕೊಡಲು ಜನ ಹಿಂಜರಿಯುವುದು ಪೊಲೀಸರ ಭಯಕ್ಕಿಂತ ಹೆಚ್ಚಾಗಿ ನೆಂಟರಿಷ್ಟರ ನಗೆಗೆ. "ಇಷ್ಟು ಓದಿದವರು ಹೇಗೆ ಸಿಕ್ಕಿಬಿದ್ದಿರಿ?" ಎಂಬ ಒಂದು ಮಾತು ಹತ್ತು ಜನರ ಬಾಯಿ ಮುಚ್ಚಿಸುತ್ತದೆ. ಒಬ್ಬರು ಬಾಯಿ ಮುಚ್ಚಿಕೊಂಡರೆ ಅದೇ ಮೋಸಗಾರ ಮರುದಿನ ಪಕ್ಕದ ಸೊಸೈಟಿಯ ಕನ್ನಡಿಗರ ಬಾಗಿಲು ತಟ್ಟುತ್ತಾನೆ. ಮೋಸ ಹೋದವರನ್ನು ಹೀಯಾಳಿಸದೆ, "ನೀವು ಹೇಳಿದ್ದರಿಂದ ಇನ್ನೊಬ್ಬರು ಉಳಿದರು" ಎಂದು ಬೆನ್ನು ತಟ್ಟುವ ವಾತಾವರಣ ಸಂಘದಲ್ಲಿ ಇರಬೇಕು.

ಮಾಡಬೇಕಾದದ್ದು ಬೆಟ್ಟದಷ್ಟೇನಿಲ್ಲ. ಸಂಘದ ಹೆಸರಿನ ಒಂದೇ ಖಾತೆ, ಇಬ್ಬರ ಸಹಿ, ಕ್ರಮ ಸಂಖ್ಯೆಯ ರಶೀದಿ ಪುಸ್ತಕ, ಪ್ರತಿ ಕಾರ್ಯಕ್ರಮದ ತಿಂಗಳೊಳಗೆ ಜಮಾ ಖರ್ಚಿನ ಪಟ್ಟಿ ಸೂಚನಾ ಫಲಕದಲ್ಲಿ, ನೆರವು ಕೇಳಿ ಬಂದವರನ್ನು ಹೋಗಿ ನೋಡುವ ಇಬ್ಬರು ಸದಸ್ಯರು. ಇವಿಷ್ಟನ್ನು ಒಂದು ಸಂಘ ಒಂದು ವರ್ಷ ಪಾಲಿಸಿದರೆ, ಅದರ ಸದಸ್ಯರು ರಶೀದಿಯಿಲ್ಲದೆ ಕೇಳುವವರನ್ನು ತಾವೇ ಗುರುತಿಸುತ್ತಾರೆ. ಅಂಗಡಿಯಲ್ಲಿ ಹತ್ತು ರೂಪಾಯಿಯ ಸಾಮಾನಿಗೂ ಬಿಲ್ಲು ಕೇಳುವವರು ಹತ್ತು ಸಾವಿರದ ದೇಣಿಗೆಗೆ ರಶೀದಿ ಕೇಳಲು ಸಂಕೋಚಪಡಬೇಕಾಗಿಲ್ಲ. ಆ ಸಂಕೋಚವನ್ನು ಮೊದಲು ಬಿಡಿಸಬೇಕಾದವರು ಅಧ್ಯಕ್ಷರು, ಕೋಶಾಧಿಕಾರಿಗಳು. ಮುಂದಿನ ಮಹಾಸಭೆಯಲ್ಲಿ ಯಾರೂ ಕೇಳುವ ಮೊದಲೇ ಅವರು ಎದ್ದು ನಿಂತು ಲೆಕ್ಕ ಓದಿದರೆ, ವಿಮಾನ ನಗರದ ಕನ್ನಡಿಗರ ಬಾಗಿಲು ಕನ್ನಡ ಮಾತಿಗೆ ಇನ್ನೂ ಬಹುಕಾಲ ತೆರೆದೇ ಇದ್ದೀತು.